ಶೆಮ್ಸತ್ತೆಯ ಕೊಪ್ಪರಿಗೆ

ದ್ರಿನಾ ಹೊಳೆಯ ದಂಡೆಯ ಮೇಲಿನ ನಮ್ಮ ಊರಿನಲ್ಲಿ ಸೇಬಿನ ಪೆಕ್ಮೆಜ್ ಯಾವಾಗ ಒಲೆಯಿಂದ ಇಳಿಯಬೇಕು ಎಂದು ಹೇಳುವ ಹಕ್ಕು ನನ್ನ ಸೋದರತ್ತೆ ಶೆಮ್ಸಾ ಒಬ್ಬಳದೇ. ಹನ್ನೊಂದು ಮನೆಯ ಸೇಬಿನ ರಸ ಅವಳ ಅಂಗಳದ ಒಂದೇ ಕೊಪ್ಪರಿಗೆಗೆ ಬೀಳುತ್ತದೆ. ಸಕ್ಕರೆಯ ಒಂದು ಹರಳೂ ಹಾಕದೆ, ಜೋನಿ ಬೆಲ್ಲದ ಹದಕ್ಕೆ ಬರುವವರೆಗೆ ಬೆಳಗಿನಿಂದ ಕುದಿಸಬೇಕು. ಬೇಗ ಇಳಿಸಿದರೆ ಬೂಸ್ಟು, ತಡವಾದರೆ ಸೀದು ಕಹಿ. ಅತ್ತೆ ಸೌಟು ನೆಕ್ಕಿ "ಬೆಂಕಿ ಎಳೀರಿ" ಅಂದರೆ ಮುಗಿಯಿತು.

ಅವಳ ಹಿತ್ತಲಿನಲ್ಲಿ ಮುತ್ತಜ್ಜ ನೆಟ್ಟ ಏಳು ಸೇಬಿನ ಮರಗಳಿವೆ. ಸಂತೆಯ ಹೊಳೆಯುವ ಸೇಬು ಕಂಡರೆ ಮೂಗು ಮುರಿಯುತ್ತಾಳೆ. ನಮ್ಮ ಹಳೆಯ ತಳಿಯ ಶಾರೆನಿಕಾ ಸೇಬು ಹುಲ್ಲಿನ ಮೇಲೆ ಎರಡು ವಾರ ಮಲಗಿ ಮೆತ್ತಗಾಗಬೇಕು, ಆಮೇಲೆಯೇ ಹಿಂಡುವುದು. ಅವಸರ ಮಾಡಿದವರಿಗೆ ಬೈಗುಳ ತಪ್ಪಿದ್ದಲ್ಲ.

ಈ ವಸಂತದಲ್ಲಿ ಜ್ವರ ಬಂದು ಅತ್ತೆಯ ರುಚಿ, ವಾಸನೆ ಎರಡೂ ಹೋದವು. ನನ್ನೊಬ್ಬಳಿಗೆ ಹೇಳಿದಳು.

"ರೆಫಿಯಾಗೆ ಗೊತ್ತಾದ್ರೆ ಕೊಪ್ಪರಿಗೆ ಅವಳಂಗಳಕ್ಕೆ ಹೋಗತ್ತೆ ಕಣೇ. ಆಮೇಲೆ ನಾನ್ಯಾಕೆ ಬದುಕಿರ್ಬೇಕು?"

ರೆಫಿಯಾ ಬೇಲಿಯಾಚೆಯವಳು. ನಲವತ್ತು ವರ್ಷದಿಂದ ಇಬ್ಬರೂ ಹಾವು ಮುಂಗುಸಿ. ಅದಕ್ಕೇ ನಾವೊಂದು ಉಪಾಯ ಹೂಡಿದೆವು: ನಾನು ರುಚಿ ನೋಡುವುದು, ಹದ ಬಂದಾಗ ಅತ್ತೆಗೆ ಸನ್ನೆಯಾಗಿ ತಲೆವಸ್ತ್ರ ಸರಿಮಾಡಿಕೊಳ್ಳುವುದು.

ನಾನೋ ಆತುರಗೇಡಿ. ಕೊಪ್ಪರಿಗೆ ಒಲೆಗೇರಿದ ದಿನ, ಮಧ್ಯಾಹ್ನ, ಕುದಿಯುವ ರಸವನ್ನು ಊದದೆ ಬಾಯಿಗೆ ಹಾಕಿಕೊಂಡೆ. ನಾಲಿಗೆ ಸುಟ್ಟು ಬೊಬ್ಬೆ ಎದ್ದಿತು. ಇನ್ನು ನನಗೂ ಸಿಹಿ ಕಹಿ ಒಂದೇ! ನನ್ನ ಕಣ್ಣೀರು ನೋಡಿ ಅತ್ತೆಗೆ ಅರ್ಥವಾಯಿತು.

"ಏನು ಶೆಮ್ಸಾ, ಇಳಿಸೋದಾ?" ಪಕ್ಕದಲ್ಲೇ ಕೂತಿದ್ದ ರೆಫಿಯಾ ಕೇಳಿದಳು.

"ಬಾಯ್ಮುಚ್ಕೊಂಡಿರು. ನಂಗೆ ಕೇಳಿಸ್ತಿಲ್ಲ."

"ಏನು ಕೇಳ್ಬೇಕು? ಪೆಕ್ಮೆಜ್ ಹಾಡತ್ತಾ?"

ಅತ್ತೆ ಕಣ್ಣು ಮುಚ್ಚಿ ಕೊಪ್ಪರಿಗೆಯತ್ತ ಬಾಗಿ ಕೋಲು ತಿರುಗಿಸುತ್ತಲೇ ಇದ್ದಳು. ಎಷ್ಟೋ ಹೊತ್ತಾಯಿತು. ಚಟಪಟ ಎನ್ನುತ್ತಿದ್ದ ಗುಳ್ಳೆಗಳು ನಿಧಾನವಾಗಿ, ಭಾರವಾಗಿ ಬೊಳಕ್ ಬೊಳಕ್ ಎನ್ನತೊಡಗಿದವು. ಕೋಲು ತಿರುಗಿಸುವುದು ಭಾರವಾಗಿ ಅವಳ ತೋಳಿನ ನರ ಬಿಗಿಯಿತು.

"ಬೆಂಕಿ ಎಳೀರಿ!"

ಕೊಳ್ಳಿಗಳನ್ನು ಎಳೆದು ಹಾಕಿದೆವು. ರೆಫಿಯಾ ಸೌಟನ್ನು ಊದಿ ಊದಿ ನೆಕ್ಕಿದಳು.

"ಹದವಾಗಿದೆ," ಎಂದಳು. "ನಾಲಿಗೆ ಇದ್ದಾಗ್ಲೂ ಇಷ್ಟು ಚೆನ್ನಾಗಿ ಮಾಡಿರ್ಲಿಲ್ಲ ನೀನು."

ಅತ್ತೆ ಕೋಲು ಕೈಬಿಟ್ಟಳು. "ನಿಂಗೆ ಯಾರು ಹೇಳಿದ್ದು?"

"ಬೈರಾಮ್ ಹಬ್ಬದ ಬಕ್ಲಾವಾಗೆ ಸಕ್ಕರೆ ಬದ್ಲು ಉಪ್ಪಿನ ಪಾಕ ಸುರಿದಿದ್ದೆಯಲ್ಲೇ! ಹನ್ನೊಂದು ಮನೆಯವ್ರೂ ನೀರು ಕುಡ್ಕೊಂಡು ನುಂಗಿದ್ವಿ."

"ಮತ್ತೆ ಯಾಕೆ ಸುಮ್ನಿದ್ದೆ?"

"ಹದ ತಪ್ಪಿದ್ರೆ ಕೂಗೋಣ ಅಂತ ಬೆಳಗ್ಗಿಂದ ಪಕ್ಕದಲ್ಲೇ ಕೂತಿದೀನಿ. ಸೊಂಟ ಬಿದ್ದೋಯ್ತು."

ಅತ್ತೆ ಸೇಬು ತಂದಿದ್ದ ಖಾಲಿ ಚೀಲಗಳ ಮೇಲೆ ಕುಸಿದು ಕೂತು ನಕ್ಕಳು, ನಗುನಗುತ್ತಲೇ ಅತ್ತಳು. ಸ್ವಲ್ಪ ಹೊತ್ತಿಗೆ ಅವಳು ಕಣ್ಣೊರೆಸಿಕೊಂಡು ಸೌಟನ್ನು ರೆಫಿಯಾಳತ್ತ ಚಾಚಿದಳು.

"ಇನ್ನೊಂದ್ಸಲ ನೆಕ್ಕು. ಹೇಗಿದೆ ಹೇಳು, ಸರಿಯಾಗಿ ಹೇಳು."

"ಮೊದ್ಲು ಶಾರೆನಿಕಾ ಸಿಹಿ," ಎಂದಳು ರೆಫಿಯಾ. "ಆಮೇಲೆ ಸ್ವಲ್ಪ ಹುಳಿ. ಕೊನೇಲಿ ಒಂಚೂರು ಹೊಗೆ..."

ಅತ್ತೆ ಬಾಯಿ ಚಪ್ಪರಿಸುತ್ತಾ ಕೇಳಿಸಿಕೊಂಡಳು.