ಖಾಲಿ ಪೆಟ್ಟಿಗೆಯ ಮುಂದೆ ಅವ್ವನ ಪಾಳಿ

ನಮ್ಮೂರ ಚರ್ಚಿಗೆ ನಾವು ಗುಡಿ ಅನ್ನುತ್ತೇವೆ; ಅಲ್ಲಿ ದೀಪಕ್ಕೆ ಪಾಳಿ ಇತ್ತು. ಒಂದು ವಾರಕ್ಕೆ ಒಂದು ಮನೆ. ಪೀಠದ ಹಿಂದಿನ ಗೋಡೆಯಲ್ಲಿ ಪ್ರಭುವಿನ ಶರೀರವೆಂದು ನಾವು ನಂಬುವ ಪರಮಪ್ರಸಾದದ ರೊಟ್ಟಿ ಇಡುವ ಪುಟ್ಟ ಪೆಟ್ಟಿಗೆ, ಅದರ ಪಕ್ಕದಲ್ಲಿ ತೂಗುಬಿಟ್ಟ ಹಿತ್ತಾಳೆ ದೀಪ. ಪೆಟ್ಟಿಗೆಯೊಳಗೆ ಪ್ರಭು ಇದ್ದಾನೆ ಅನ್ನುವುದಕ್ಕೆ ಆ ದೀಪವೇ ಗುರುತು, ಆದ್ದರಿಂದ ಅದು ಹಗಲು ರಾತ್ರಿ ಉರಿಯಬೇಕು. ಬೇರೆ ಚರ್ಚುಗಳಿಗೆಲ್ಲ ಕೆಂಪು ಬಲ್ಬು ಬಂದಿದೆ. ನಮ್ಮಲ್ಲಿ ಮಾತ್ರ ಕುಸುಬಿ ಎಣ್ಣೆಯೇ ನಡೆದುಕೊಂಡು ಬಂದಿತ್ತು.

ಯಾವ ಮನೆಗೆ ಯಾವ ವಾರ ಎಂದು ಗೆರೆ ಹೊಡೆದು ಬರೆದು ಬಾಗಿಲ ಹಿಂದೆ ಅಂಟಿಸುವುದು ಹತ್ತನೆಯ ತರಗತಿಯ ಹುಡುಗಿಯಾಗಿದ್ದಾಗಿನಿಂದಲೂ ನನ್ನ ಕೆಲಸ. ಬರೆದಿಡುವುದು ನನ್ನ ಸ್ವಭಾವ. ಈಗ ಬೈಲಹೊಂಗಲದ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿದ್ದೇನೆ. ವಾರವೆಲ್ಲ ಅಲ್ಲಿ ಇದ್ದು ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತೇನೆ. ಊರು ಮನೋಳಿಯಿಂದ ಒಳಕ್ಕೆ, ಹೊಳೆಯ ಕಡೆ. ದಿನಚರಿಯಲ್ಲಿ ಭಾನುವಾರದ ಪುಟಕ್ಕೆ ಯಾವಾಗಲೂ ಒಂದೇ ಕ್ರಮ: ಯಾವ ಹಬ್ಬ, ಪೂಜೆಗೆ ಮನೆಯಿಂದ ಯಾರು ಯಾರು ಹೋದೆವು, ಪ್ರಸಾದ ಯಾರು ತೆಗೆದುಕೊಂಡೆವು. ಅಪ್ಪ, ಅವ್ವ, ನಾನು, ಮೂರು ಗುರುತು. ಈ ವರ್ಷ ಮೊದಲ ಕೆಲವು ಪುಟಗಳ ನಂತರ ಅವ್ವನ ಗುರುತಿನ ಜಾಗ ಖಾಲಿ ಇದೆ. ಅದು ಯಾಕೆ ಖಾಲಿಯಾಯಿತು ಎಂದು ಬರೆದಿಡಬೇಕು ಅನ್ನಿಸಿತು.

ಕ್ರಿಸ್ಮಸ್ ಮುಗಿದು, ಬಿಳಿಜೋಳ ತೆನೆ ಕಟ್ಟುತ್ತಿದ್ದ ಹೊತ್ತಿನ ಒಂದು ಭಾನುವಾರ ಫಾದರ್ ಪೂಜೆಯ ಕೊನೆಗೆ ಧರ್ಮಾಧ್ಯಕ್ಷರಾದ ಬಿಷಪ್ಪರ ಪತ್ರ ಓದಿದರು. ಗುರುಗಳು ಕಡಿಮೆ, ನಮ್ಮಲ್ಲಿ ಮನೆಗಳೂ ಕಡಿಮೆ. ನಮ್ಮ ಧರ್ಮಕೇಂದ್ರವನ್ನು ಪೇಟೆಯ ಧರ್ಮಕೇಂದ್ರದೊಳಗೆ ಸೇರಿಸಲಾಗಿದೆ, ಇನ್ನು ಮುಂದೆ ಎಲ್ಲರೂ ಅಲ್ಲಿಗೇ ಬರಬೇಕು. ಆ ಪೇಟೆಯ ಹೆಸರು ಬರೆಯುವುದಿಲ್ಲ. ಅಲ್ಲಿನವರಿಗೂ ಮನಸ್ಸಿದೆ.

ಓದಿ ಮುಗಿದ ಮೇಲೆ ಯಾರೂ ಮೇಲೇಳಲಿಲ್ಲ. ಮುಂದೆ ಕುಳಿತಿದ್ದ ಒಬ್ಬ ಮುತ್ಯಾ ಮಾತ್ರ ಕೇಳಿದರು, "ಮಳಿಗಾಲದಾಗ ಹೆಂಗ್ರಿ ಫಾದರ್? ಹಳ್ಳ ಬಂದ್ರ ನಾವ್ ಈಚಿ ದಂಡ್ಯಾಗ, ದೇವ್ರು ಆಚಿ ದಂಡ್ಯಾಗ."

ನಾಲ್ಕು ಮಂದಿ ನಕ್ಕರು. ಫಾದರೂ ನಕ್ಕರು. ಆಮೇಲೆ ಅವರು ಪೆಟ್ಟಿಗೆ ತೆರೆದು, ಪ್ರಸಾದದ ಪಾತ್ರೆಯನ್ನು ತೆಗೆದು ಬಿಳಿ ವಸ್ತ್ರದಲ್ಲಿ ಸುತ್ತಿಕೊಂಡರು. ಅವರಿಗೆ ಅವಸರವಿತ್ತು. ರಾಮದುರ್ಗದ ಕಡೆ ಇನ್ನೊಂದು ಊರಲ್ಲಿ ಪೂಜೆ ಇತ್ತು.

ಅದು ನಮ್ಮ ಮನೆಯ ಪಾಳಿಯ ಮೊದಲ ದಿನ. ಅವ್ವ ಬೆಳಿಗ್ಗೆಯೇ ಹೋಗಿ ದೀಪ ತೊಳೆದು ಎಣ್ಣೆ ತುಂಬಿಸಿದ್ದಳು. ಫಾದರ್ ಅವಳ ಕಡೆ ತಿರುಗಿ, "ದೀಪ ಆರಿಸಿಬಿಡಿ ಅಮ್ಮ, ಇನ್ನು ಬೇಡ" ಅಂದರು. ಅವರು ಕರಾವಳಿಯವರು, ವಯಸ್ಸಿನಲ್ಲಿ ಚಿಕ್ಕವರು, ಪುಸ್ತಕದ ಕನ್ನಡ ಮಾತಾಡುತ್ತಾರೆ. ಅವ್ವ ಕೇಳಿಸದವಳ ಹಾಗೆ ನಿಂತಳು. ನಮ್ಮಲ್ಲಿ ಆ ದೀಪವನ್ನು ಯಾರೂ ಕೈಯಿಂದ ಆರಿಸಿದ್ದಿಲ್ಲ. ವರ್ಷಕ್ಕೊಮ್ಮೆ, ಪ್ರಭುವಿನ ಸಾವನ್ನು ನೆನೆಯುವ ಪಾಡಿನ ವಾರದಲ್ಲಿ ಪೆಟ್ಟಿಗೆ ಖಾಲಿಯಾಗುವಾಗಲೂ ಎಣ್ಣೆಯನ್ನು ಅಷ್ಟಕ್ಕೇ ಅಳೆದು ಹಾಕಿರುತ್ತಾರೆ, ತಾನಾಗಿ ಆರುತ್ತದೆ. ಅದು ಫಾದರ್‌ಗೆ ಗೊತ್ತಿರಲಿಲ್ಲ. ಅವರು ಎರಡು ಬೆರಳಿಂದ ಬತ್ತಿ ಹಿಸುಕಿ, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಜೀಪು ಹತ್ತಿದರು.

ಅಂದು ಸಂಜೆ ಅವ್ವ ಗುಡಿಗೆ ಹೋಗಿ ದೀಪ ಮತ್ತೆ ಹಚ್ಚಿದಳು. ಪಾಳಿ ಶನಿವಾರದವರೆಗೆ ಇತ್ತಲ್ಲ.

ನಾನು ಅದನ್ನು ಆ ವಾರದ ಮಾತು ಅಂದುಕೊಂಡೆ. ಮುಂದಿನ ಶನಿವಾರ ಬಂದಾಗ ನೋಡಿದರೆ ಪಾಳಿಯ ಮುಂದಿನ ಮನೆಯವರು ಕೀಲಿಕೈ ಇಸಿದುಕೊಂಡು ಹೋಗಿದ್ದರು. ಅದರ ಮುಂದಿನ ವಾರದ ಮನೆಯವರು ಒಲ್ಲೆ ಅಂದರು. ಆ ಮನೆಯ ಯಜಮಾನರು ನಮ್ಮ ಕಟ್ಟೆಗೆ ಬಂದು ಅಪ್ಪನ ಎದುರಿಗೇ ಹೇಳಿದರು, "ಖಾಲಿ ಪೆಟ್ಟಿಗಿಗಿ ಎಣ್ಣಿ ಸುಡೂದು ಯಾವ ಧರ್ಮಾರೀ? ಹೆಣಾ ಒಯ್ದ ಮ್ಯಾಲ ಚಟ್ಟಕ್ಕ ಹೂವಾ ಹಾಕಿದಂಗ." ಅವ್ವ ಒಳಗಿಂದಲೇ, "ನಿಮ್ಮ ಪಾಳಿನೂ ನಾನ ಮಾಡತೇನ್ರಿ ಅಣ್ಣಾರ. ನಿಮ್ಮೆಣ್ಣಿ ಉಳೀತು, ರೊಟ್ಟಿಗಿ ಹಚ್ಕೊಳ್ರಿ" ಅಂದಳು.

ಹೀಗೆ ನಮ್ಮ ಸಣ್ಣ ಊರಲ್ಲೇ ನಾವು ಎರಡು ಪಾಲಾದೆವು. ಭಾನುವಾರ ಟಂಟಂ ರಿಕ್ಷಾ ಹತ್ತಿ ಪೇಟೆಗೆ ಹೋಗುವವರು ಒಂದು ಕಡೆ. ಹೋಗದೆ, ಸಂಜೆ ಗುಡಿಯಲ್ಲಿ ಕೂಡಿ ಜಪಸರ ಹೇಳುವವರು ಇನ್ನೊಂದು ಕಡೆ. ನಮ್ಮ ಮನೆಯೊಳಗೂ ಹಾಗೇ. ಅಪ್ಪ ಮತ್ತು ನಾನು ಟಂಟಂ ಹತ್ತುತ್ತಿದ್ದೆವು. ಅವ್ವ ಅಂದು ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಅಪ್ಪನ ಬಿಳಿ ಅಂಗಿ ಹಗ್ಗದ ಮೇಲೆ ಹಾಕಿ, ಎಮ್ಮೆಯ ಕಡೆ ಹೋಗಿಬಿಡುತ್ತಿದ್ದಳು. ಜಗಳವೇನೂ ಆಗಲಿಲ್ಲ. ಆಗಿದ್ದರೆ ಬಗೆಹರಿಯುತ್ತಿತ್ತೋ ಏನೋ.

ಪಕ್ಕದ ಮನೆಯ ಲಿಂಗಾಯತರ ಕಾಕು ಒಂದು ದಿನ ಹಿತ್ತಲ ಗೋಡೆಯ ಮೇಲಿಂದ ಕೇಳಿದಳು, "ಏನವಾ, ನಿಮ್ಮ ದೇವ್ರಿಗೂ ಟ್ರಾನ್ಸ್‌ಫರ್ ಆತಂತಲ್ಲ?"

"ಹೂನ್ರಿ ಕಾಕು, ಪ್ಯಾಟಿಗಿ ಪ್ರಮೋಶನ್ ಆತ್ರಿ" ಅಂದಳು ಅವ್ವ. ಇಬ್ಬರೂ ನಕ್ಕರು. ಅವ್ವ ಒಳಗೆ ಬಂದು ಜೋಳ ಹಸನು ಮಾಡತೊಡಗಿದಳು.

ಪೇಟೆಯಲ್ಲಿ ನಮಗೂ ಸುಲಭ ಇರಲಿಲ್ಲ. ನಮ್ಮ ಗುಡಿಯಲ್ಲಿ ಚಪ್ಪಲಿ ಹೊರಗೆ ಬಿಟ್ಟು ಜಮಖಾನೆಯ ಮೇಲೆ ಕೂರುವುದು ರೂಢಿ. ಅಲ್ಲಿ ಬೆಂಚು, ಬೂಟು. ಮೊದಲ ಭಾನುವಾರ ನಮ್ಮ ಮಂದಿ ಬಾಗಿಲಲ್ಲಿ ಚಪ್ಪಲಿ ರಾಶಿ ಹಾಕಿ, ಒಳಗೆ ಹೋಗಿ, ಬೆಂಚುಗಳನ್ನು ದಾಟಿ ಪೀಠದ ಮುಂದೆ ನೆಲಕ್ಕೆ ಕುಳಿತುಬಿಟ್ಟರು. ಪ್ರಸಾದಕ್ಕೆ ಬರುವವರಿಗೆ ದಾರಿಯೇ ಇಲ್ಲದಾಯಿತು. ಮುಂದಿನ ಬೆಂಚಿನಲ್ಲಿದ್ದ, ನೀಲಿ ರೇಷ್ಮೆ ಸೀರೆಯ ಒಬ್ಬರು ಬಗ್ಗಿ ಹೇಳಿದರು, "ಮ್ಯಾಲ ಕುಂಡರ್ರಿ ಅಕ್ಕಾರ, ಇದೇನ್ ಊಟದ ಪಂಗತಿ ಅಲ್ಲ." ಅವರ ಹಿಂದೆ ಯಾರೋ ಕಿಸಕ್ಕೆಂದರು. ಕೆಲವೇ ವಾರಗಳಲ್ಲಿ ನಮಗೆ ಟಂಟಂ ಮಂದಿ ಅನ್ನುವ ಹೆಸರು ಬಿತ್ತು. ಅಲ್ಲಿಗೂ ಇದೇ ಫಾದರ್, ಪ್ರತಿ ಭಾನುವಾರ ಒಂದಾಗಿ ಬಾಳುವುದರ ಬಗ್ಗೆ ಪ್ರಬೋಧನೆ ಮಾಡುತ್ತಿದ್ದರು. ಕೇಳುವಾಗ ನಾವು ಎಡಗಡೆಯ ಬೆಂಚುಗಳಲ್ಲಿ, ಪೇಟೆಯವರು ಬಲಗಡೆಯ ಬೆಂಚುಗಳಲ್ಲಿ.

ನಾನು ಮನೆಗೆ ಬಂದು ದಿನಚರಿಯಲ್ಲಿ ಎರಡು ಗುರುತು ಹಾಕುತ್ತಿದ್ದೆ. ಉಪವಾಸದ ತಪಸ್ಸುಕಾಲ ಬಂತು. ಈಸ್ಟರಿನ ಪಾಸ್ಕ ಹಬ್ಬದ ಹೊತ್ತಿಗಾದರೂ ಪ್ರಸಾದ ತೆಗೆದುಕೊಳ್ಳಬೇಕೆಂಬುದು ನಮ್ಮಲ್ಲಿ ಕಟ್ಟಳೆ. ಅಷ್ಟನ್ನೂ ಬಿಟ್ಟವರನ್ನು ಊರಲ್ಲಿ 'ಹೊರಗಾದವರು' ಅನ್ನುತ್ತಾರೆ. ಅವ್ವ ಮೊದಲ ಪ್ರಸಾದ ತೆಗೆದುಕೊಂಡಂದಿನಿಂದ ಒಂದು ಭಾನುವಾರ ತಪ್ಪಿಸಿದವಳಲ್ಲ. ಪ್ರಸಾದ ಕೊಡಿಸಲು ಹೆರಿಗೆ ಕೋಣೆಗೂ ಅಜ್ಜಿ ಅಂದಿನ ಫಾದರನ್ನು ಕರೆಸಿದ್ದಳಂತೆ. ಅಂಥವಳು ಹೊರಗಾದರೆ ಹೇಗೆ ಎಂಬುದೇ ನನಗೂ ಅಪ್ಪನಿಗೂ ಚಿಂತೆ. ಅಪ್ಪ ಒಂದು ಸಲ ಕೇಳಿದ, "ದೇವ್ರ ಮ್ಯಾಲ ಸಿಟ್ಟೇನ?"

"ದೇವ್ರ ಕೂಡ ನಂದೇನ್ ಜಗಳಿಲ್ಲ" ಅಂದಳು.

ಪಾಸ್ಕಕ್ಕೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಮುಂಚಿನ ದಿನ ಫಾದರ್ ತಾವೇ ಬಂದರು. ಯಾರೋ ದೂರು ಒಯ್ದಿದ್ದರು. ಗುಡಿಯ ಬಾಗಿಲು ತೆರೆದಿತ್ತು, ಅವ್ವ ಬತ್ತಿ ಸರಿಮಾಡುತ್ತಿದ್ದಳು, ನಾನು ಕಸ ಹೊಡೆಯುತ್ತಿದ್ದೆ. ಅವರು ಮೊಣಕಾಲೂರಲು ಬಗ್ಗಿ, ಪೆಟ್ಟಿಗೆ ಖಾಲಿ ಎಂದು ನೆನಪಾಗಿ, ಅರ್ಧಕ್ಕೇ ಎದ್ದು ನಿಂತರು.

"ಅಮ್ಮ, ಒಳಗೆ ಪ್ರಭು ಇಲ್ಲ ಅಂತ ನಿಮಗೆ ಗೊತ್ತು. ದೀಪ ನೋಡಿ ಜನ ಇದ್ದಾನೆ ಅಂದುಕೊಳ್ಳುತ್ತಾರೆ. ಅದು ತಪ್ಪಲ್ಲವಾ?"

"ಗೊತ್ತೈತ್ರಿ."

"ಮತ್ತೆ?"

"ಅವತ್ತ ಎಣ್ಣಿ ತುಂಬ ಹಾಕಿದ್ನಿರಿ. ತಾನ ಆರೂತನಕಾ ಬಿಡಬೇಕಿತ್ರಿ. ನೀವ್ ಬೆರಳಿಲೆ ಹಿಚುಕಿದ್ರಿ."

ಫಾದರ್ ತಮ್ಮ ಬೆರಳುಗಳನ್ನು ನೋಡಿಕೊಂಡರು. "ಅವತ್ತು ಇನ್ನೊಂದು ಊರಿನಲ್ಲಿ ಪೂಜೆ ಇತ್ತು ಅಮ್ಮ. ನನಗೆ ಎಷ್ಟು ಊರು ಅಂತ ನಿಮಗೆ ಗೊತ್ತಾ? ಎರಡು ಹೊತ್ತು ಒಂದೇ ಮನೆಯಲ್ಲಿ ಊಟ ಮಾಡಿ ಬಹಳ ದಿನ ಆಯಿತು."

ಅವ್ವ ಕೂಡಲೇ, "ಮನಿಗಿ ಬರ್ರಿ, ರೊಟ್ಟಿ ಅದಾವು" ಅಂದಳು. ಅವರು ಬಂದರು, ಎರಡು ರೊಟ್ಟಿ ಬದನೆಕಾಯಿ ಪಲ್ಯ ತಿಂದರು. ಹೋಗುವ ಮುಂಚೆ, ದೀಪವನ್ನು ಪೇಟೆಯ ಚರ್ಚಿಗೇ ತಂದು ಪಾಳಿಯನ್ನು ಅಲ್ಲಿ ಮುಂದುವರಿಸಬಹುದಲ್ಲ, ಪಾಲನಾ ಸಮಿತಿಯಲ್ಲಿ ಕೇಳುತ್ತೇನೆ ಅಂದರು. ಮರುದಿನ ಕೇಳಿದರು ಕೂಡ. ಗೋಡೆಗೆ ಹೊಸ ಬಣ್ಣ ಹೊಡೆಸಿದ್ದೇವೆ, ಮಸಿ ಹಿಡಿಯುತ್ತದೆ ಎಂದು ಉತ್ತರ ಬಂತು. ನಾನು ಅದನ್ನು ಅವ್ವನಿಗೆ ಹಾಗೇ ಹೇಳಿದೆ. "ಖರೇ ಐತಿ, ಮಸಿ ಹಿಡೀತೈತಿ" ಅಂದಳು.

ಪಾಡಿನ ವಾರ ಲ್ಯಾಬಿಗೆ ರಜೆ ಹಾಕಿ ಊರಲ್ಲೇ ಇದ್ದೆ. ಗುರುವಾರ ರಾತ್ರಿಯ ಊಟಕ್ಕೆ ಕುಳಿತಾಗ ಅವ್ವ ತಟ್ಟನೆ ಹೇಳಿದಳು, "ನಾಳಿಗಿ ನಾನೂ ಬರತೇನಿ."

"ಎಲ್ಲಿಗಿ?" ಅಪ್ಪನ ತುತ್ತು ಕೈಯಲ್ಲೇ ಉಳಿಯಿತು.

"ಟಂಟಂನ್ಯಾಗ. ನಾಳಿಗಿ ಅಲ್ಲೂ ಪೆಟ್ಟಿಗಿ ಬಾಗ್ಲಾ ತಗದ ಇಟ್ಟಿರ್ತಾರು. ದೀಪಾ ಇರೂದಿಲ್ಲ. ನಾಳಿಗೊಂದಿನ ಅವ್ರೂ ನಮ್ಮಂಗ."

ನಿಜವೇ. ಶುಭ ಶುಕ್ರವಾರ ಲೋಕದ ಎಲ್ಲ ಚರ್ಚುಗಳಲ್ಲೂ ಪೆಟ್ಟಿಗೆ ಖಾಲಿ ಬಾಯಿ ತೆರೆದಿರುತ್ತದೆ. ಪ್ರಸಾದವನ್ನು ಬೇರೆ ಕಡೆ ಇಟ್ಟಿದ್ದು ಕೊನೆಗೆ ತಂದು ಹಂಚುತ್ತಾರೆ. ನನಗೆ ಇದು ಹೊಳೆದಿರಲಿಲ್ಲ.

ಅಂದು ಅವ್ವ, ಬೆಂಚು ಬಿಟ್ಟು ಇಳಿದ ನಮ್ಮ ಹೆಂಗಸರ ಜೊತೆ ನೆಲಕ್ಕೇ ಕುಳಿತಳು. ಯಾರೂ ಏನೂ ಅನ್ನಲಿಲ್ಲ. ಶಿಲುಬೆಗೆ ಮುತ್ತು ಕೊಡುವ ಹೊತ್ತು ಬಂತು. ನಮ್ಮೂರಲ್ಲಿ ಆಗ ಹೆಂಗಸರು ಪ್ರಭುವಿನ ಮಾತೆಯ ಅಳಲಿನ ಹಾಡು ಹೇಳುತ್ತಾರೆ, ಎತ್ತಿಕೊಡುವವಳು ಅವ್ವ. ಸತ್ತ ಮನೆಯಲ್ಲಿ ಅತ್ತು ಹಾಡುವ ಧಾಟಿಯಲ್ಲೇ ಇರುತ್ತದೆ ಅದು. ಯಾರನ್ನೂ ಕೇಳದೆ ಅವ್ವ ಅದನ್ನು ಎತ್ತಿಕೊಂಡಳು. ಅದೇ ಗಳಿಗೆಗೆ ಮೈಕಿನಲ್ಲಿ ಪೇಟೆಯ ಗಾಯನ ತಂಡದ ಹಾಡೂ ಶುರುವಾಯಿತು. ಎರಡು ಸಾಲಿನಷ್ಟು ದೂರ ಎರಡೂ ಒಟ್ಟಿಗೆ ನಡೆದವು. ತಂಡದ ಮುಂದಾಳು ಅವ್ವನ ಕಡೆ ನೋಡಿ, ಬೇಡ ಎಂದು ಕೈಯಾಡಿಸಿದ. ನಮ್ಮ ಹೆಂಗಸರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಅವ್ವ ಒಬ್ಬಳೇ ಸ್ವಲ್ಪ ಹೊತ್ತು ಹೇಳಿ, ಸಾಲಿನ ನಡುವೆಯೇ ಬಿಟ್ಟಳು. ಪಂಗತಿಯ ಮಾತಾಡಿದ್ದ ನೀಲಿ ಸೀರೆಯ ಹೆಂಗಸು ತಲೆ ತಗ್ಗಿಸಿ ಕುಳಿತಿದ್ದನ್ನು ನೋಡಿದೆ.

ಪ್ರಸಾದ ತಂದರು. ಸಾಲು ಸರಿಯತೊಡಗಿತು. ಅವ್ವ ಕುಳಿತೇ ಇದ್ದಳು. ನಾನು ಎದ್ದು ನಿಂತು ಅವಳಿಗಾಗಿ ಕಾದೆ. ಹಿಂದಿನವರು ನನ್ನನ್ನು ದಾಟಿ ಹೋದರು. ಕಟ್ಟಕಡೆಗೆ ಅವ್ವ ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಸಾಲಿನ ಕೊನೆಯಲ್ಲಿ ನಿಂತಳು. ಫಾದರ್ ಮುಂದೆ ಬಾಯಿ ತೆರೆದಳು. ಅವರ ಕೈ ಒಂದು ಕ್ಷಣ ತಡೆದಂತೆ ಕಂಡಿತು, ಆಮೇಲೆ ಕೊಟ್ಟರು.

ಹೊರಗೆ ಬಂದು ಟಂಟಂ ಕಾಯುವಾಗ ಅಪ್ಪನಿಗೆ ಹೇಳಿದಳು, "ತಗೊಂಡೆ. ಕಟ್ಟಳಿ ಮುಗೀತು. ಇನ್ನ ಬರೂ ವರ್ಷದ ತನಕಾ ಬಾ ಅನಬ್ಯಾಡ್ರಿ."

ಪಾಸ್ಕದ ದಿನ ಅವ್ವ ಬರಲಿಲ್ಲ. ಪೂಜೆ ಮುಗಿದು ಎಲ್ಲರೂ ಅಂಗಳದಲ್ಲಿ ಹಬ್ಬದ ಶುಭಾಶಯ ಹೇಳಿಕೊಳ್ಳುವಾಗ ನೀಲಿ ಸೀರೆಯವರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. ಅತ್ತಿತ್ತ ನೋಡಿ, ಸಣ್ಣ ದನಿಯಲ್ಲಿ, "ನಿಮ್ಮವ್ವಗ ಹೇಳು. ನಮ್ಮವ್ವನೂ ಅದ ಹಾಡ ಹೇಳತಿದ್ಲು. ಅವತ್ತ ಪೂರ್ತಿ ಹೇಳಬೇಕಿತ್ತು" ಅಂದರು.

ದಾರಿಯುದ್ದಕ್ಕೂ ಆ ಮಾತನ್ನು ಹೇಗೆ ಹೇಳಬೇಕೆಂದು ಯೋಚಿಸಿದೆ. ಇದರಿಂದ ಅವ್ವ ಮೆತ್ತಗಾಗುತ್ತಾಳೆ, ಮುಂದಿನ ಭಾನುವಾರ ಮೂರು ಗುರುತು ಹಾಕಬಹುದು ಎಂಬ ಆಸೆ ಹುಟ್ಟಿತ್ತು. ಮನೆಗೆ ಬಂದವಳೇ ಅಡುಗೆಮನೆಗೆ ಹೋಗಿ ಹೇಳಿದೆ. ಅವ್ವ ಗಮನವಿಟ್ಟು ಕೇಳಿದಳು.

"ಎಲ್ಲಾರ ಮುಂದ ಹೇಳಿದ್ಲೇನ, ನಿನ್ನ ಕಿವ್ಯಾಗ ಹೇಳಿದ್ಲೇನ?"

"ಕಿವ್ಯಾಗ" ಅಂದೆ.

ಅವ್ವ ಕುಸುಬಿ ಎಣ್ಣೆಯ ಡಬ್ಬಿ ತೆಗೆದುಕೊಂಡು ಗುಡಿಯ ಕಡೆ ಹೊರಟಳು.