ಕೃಷ್ಣೆಯ ದಂಡೆಯಲ್ಲಿ ಅವ್ವ ಹಚ್ಚಿದ ಟಿವಿ

ನನ್ನ ತಮ್ಮ ಸಾಲಿ ಮಕ್ಕಳ ಹಳೆಯ ಬಸ್ಸೊಂದನ್ನು ತಂದು ಬನಹಟ್ಟಿಯ ತವರುಮನೆ ಮುಂದೆ ನಿಲ್ಲಿಸಿದಾಗ ಓಣಿಯವರು ಅದನ್ನು ದವಾಖಾನೆ ಗಾಡಿ ಅಂದುಕೊಂಡಿದ್ದರು. ಸೀಟುಗಳನ್ನು ಕಿತ್ತು ಎರಡು ಮಂಚ, ಒಂದು ಗ್ಯಾಸ್ ಒಲೆ, ಒಂದು ನೀರಿನ ಟಾಕಿ, ಕರೆಂಟಿಗೆ ಒಂದು ಬ್ಯಾಟರಿ ಕೂಡಿಸಿದ್ದ. ಅವನು ಪವರ್‌ಲೂಮ್ ನಡೆಸುವವನು. ಹಗಲೆಲ್ಲ ಮಗ್ಗದ ಖಟಾಖಟ್ ಕೇಳಿ ಕೇಳಿ ಎಲ್ಲಾದರೂ ನಾಲ್ಕು ದಿನ ಸುಮ್ಮನೆ ಇರಬೇಕು ಅನ್ನಿಸಿತ್ತು. ದೂರ ಹೋಗುವ ಬೇತೇನೂ ಇರಲಿಲ್ಲ. ತುಬಚಿ ಹತ್ತಿರ ಹೊಳೆ ದಂಡೆ, ಆಮೇಲೆ ಹುನ್ನೂರ, ಮುಧೋಳ, ಬೀಳಗಿ, ಅಷ್ಟೇ. ಮುಧೋಳಕ್ಕೆ ಕೊಟ್ಟ ಅಕ್ಕ ನಾನು. ನನ್ನನ್ನೂ ಕರೆದ.

ಅವ್ವ ಮಾತ್ರ ಒಲ್ಲೆ ಅಂದಳು.

"ಸಂಜೀಕ ನನ್ನ ಧಾರಾವಾಹಿ ಯಾರು ನೋಡ್ತಾರ? ಆ ಹುಡಿಗಿ ಖರೆ ತಾಯಿ ಯಾರಂತ ಈ ವಾರ ಗೊತ್ತಾಗೂದೈತಿ."

"ಫೋನಿನ್ಯಾಗ ನೋಡು ಬೇ."

"ಅಷ್ಟಗಲದಾಗ ನನಗ ಯಾವುದು ಮೂಗು, ಯಾವುದು ಬಾಯಿ ಕಾಣಂಗಿಲ್ಲ."

ಅವಳ ಕಣ್ಣು ಮಂಜಾಗಿ ಬಹಳ ದಿನವಾಗಿತ್ತು. ಕೊನೆಗೆ ತಮ್ಮನೇ ಮನೆಯ ಟಿವಿಯನ್ನೂ ಮಾಳಿಗೆಯ ಮೇಲಿನ ಡಿಶ್ಶನ್ನೂ ಬಿಚ್ಚಿ ಬಸ್ಸಿಗೆ ಹಾಕಿಕೊಂಡ. ಡಿಶ್ ಕೂಡಿಸುವವನು ನಾಲ್ಕು ದಿನದ ಮಟ್ಟಿಗೆಂದು ಒಂದು ಸಣ್ಣ ಮೀಟರು ಕೊಟ್ಟಿದ್ದ. ಸಿಗ್ನಲ್ ಸಿಕ್ಕಂತೆಲ್ಲ ಅದರ ಕೀಂ ಅನ್ನುವ ದನಿ ಸಣ್ಣದಾಗಿ ಮೇಲೇರುತ್ತದಂತೆ.

ತುಬಚಿ ದಾಟಿ ಹೊಳೆ ಕಾಣುವ ಒಂದು ಹೊಲದ ಅಂಚಿನಲ್ಲಿ, ಬೇವಿನ ಮರದ ನೆರಳಿಗೆ ಬಸ್ಸು ನಿಲ್ಲಿಸಿದೆವು. ಮಧ್ಯಾಹ್ನ ರೊಟ್ಟಿ ಉಂಡು ತಮ್ಮ ಬಸ್ಸಿನ ತಲೆ ಮೇಲೆ ಹತ್ತಿ ಡಿಶ್ ಇಟ್ಟ. ಒಂದು ಗಳಿಗೆ ಪರದೆ ಮೇಲೆ ಏನೋ ಮಿಂಚಿತು. "ಬಂತು!" ಅಂತ ಕೂಗಿ ನಾನು ಮೆಟ್ಟಿಲು ಹತ್ತಿದೆ. ಬಸ್ಸು ಒಂಚೂರು ವಾಲಿತು, ಚಿತ್ರ ಹೋಯಿತು. ಇಳಿದರೂ ವಾಲುತ್ತದೆ, ಅವ್ವ ಮಗ್ಗಲು ಬದಲಿಸಿದರೂ ಅಲುಗುತ್ತದೆ. ಅಷ್ಟು ಸಣ್ಣ ಅಲುಗಾಟಕ್ಕೆ ಇಡೀ ಆಕಾಶವೇ ತಪ್ಪಿಹೋಗುತ್ತದೆ ಅನ್ನುವುದು ನನಗೆ ಆಗಲೇ ಗೊತ್ತಾದದ್ದು.

ಡಿಶ್ ಕೆಳಗಿಳಿಯಿತು. ಕಬ್ಬಿಣದ ಸ್ಟ್ಯಾಂಡನ್ನು ನೆಲಕ್ಕೆ ಊರಿ, ಕಾಲಿಗೆ ಕಲ್ಲು ಹೇರಿ, ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು ಕಂಬ ನೆಟ್ಟಗಿದೆಯೋ ಇಲ್ಲವೋ ನೋಡಿದೆವು. ಡಿಶ್ಶಿನ ಮುಖ ಆಗ್ನೇಯಕ್ಕಿರಬೇಕಂತೆ, ಅದು ಯಾವ ಕಡೆ? ಫೋನಿನ ದಿಕ್ಸೂಚಿ ಬಸ್ಸಿನ ಹತ್ತಿರ ಒಂದು ಹೇಳಿದರೆ ನಾಲ್ಕು ಹೆಜ್ಜೆ ಆಚೆ ಮತ್ತೊಂದು ಹೇಳಿತು.

ಅಷ್ಟರಲ್ಲಿ ಹೊಲದ ಯಜಮಾನ ಬಂದರು. ಕೇಳದೆ ಗಾಡಿ ನಿಲ್ಲಿಸಿದ್ದಕ್ಕೆ ಬೈಯುತ್ತಾರೆ ಅಂತ ನಾನು ಸೆರಗು ಸರಿಮಾಡಿಕೊಂಡೆ. ಅವರು ಡಿಶ್ಶನ್ನು ಒಂದು ಸುತ್ತು ಹಾಕಿ ನೋಡಿದರು.

"ಏನ್ ಹುಡುಕಾಕತ್ತೀರಿ?"

"ಆಗ್ನೇಯ ದಿಕ್ಕು ಹುಡುಕಾಕತ್ತೇವ್ರೀ," ಅಂದ ತಮ್ಮ.

"ನಮ್ಮ ಮನಿ ಮ್ಯಾಲಿಂದು ಬಾಗಲಕೋಟಿ ಕಡೆ ಮುಖ ಮಾಡೈತ್ರಿ. ಎಲ್ಲಾರ ಮನ್ಯಾಗೂ ಹಂಗ ಐತಿ," ಅಂದು ಕೈ ಚಾಚಿ ತೋರಿಸಿದರು.

ಇಷ್ಟು ವರ್ಷ ಊರಿನ ಮಾಳಿಗೆಗಳ ಮೇಲಿನ ಡಿಶ್ಶುಗಳೆಲ್ಲ ಒಂದೇ ಕಡೆ ನೋಡುತ್ತಿದ್ದದ್ದನ್ನು ನಾನೂ ಕಂಡಿದ್ದೆ. ಯಾಕೆ ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಬಾಗಲಕೋಟೆ ಕಡೆ ತಿರುಗಿಸಿದರೂ ಪರದೆ ಕಪ್ಪೇ, ಮೀಟರಿನಿಂದಲೂ ಸದ್ದಿಲ್ಲ. ಯಜಮಾನರು ಡಿಶ್ಶಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಮೇಲೆ ನೋಡಿ, "ಬೇವಿನ ಟೊಂಗಿ ಅಡ್ಡ ಐತಲ್ರೀ," ಅಂದರು. ಅವ್ವನಿಗೆ ಆಶ್ಚರ್ಯ.

"ಆ ಸಿಗ್ನಲ್ಲು ಎಷ್ಟು ದೂರದಿಂದ ಬರ್ತೈತಿ?"

ತಮ್ಮ ಫೋನು ನೋಡಿ ಹೇಳಿದ, "ಉಪಗ್ರಹ ಮೂವತ್ತಾರು ಸಾವಿರ ಕಿಲೋಮೀಟರ್ ಮ್ಯಾಲೈತಿ ಬೇ."

"ಅಷ್ಟು ದೂರ ಬಂದು ಎಲಿಗೆ ಸೋತು ಹೋಗತೈತೇನು?"

ವೈರು ಎಳೆದು ಸ್ಟ್ಯಾಂಡನ್ನು ಬಿಸಿಲಿಗೆ ಒಯ್ದೆವು. ಈಗ ಮೀಟರು ಕೀಂ ಅನ್ನತೊಡಗಿತು. ಆದರೆ ದನಿ ಏರಿತೋ ಇಳಿಯಿತೋ ತಮ್ಮನಿಗೆ ತಿಳಿಯಲಿಲ್ಲ. ಮಗ್ಗದ ಸದ್ದು ಅವನ ಕಿವಿಯ ಸೂಕ್ಷ್ಮವನ್ನೆಲ್ಲ ತಿಂದುಬಿಟ್ಟಿದೆ. ನನಗಂತೂ ಎಲ್ಲ ಒಂದೇ ಥರ ಕೇಳುತ್ತಿತ್ತು.

"ಇತ್ತ ಕೊಡ್ರಿ," ಅಂದಳು ಅವ್ವ.

ಕೈಮಗ್ಗದ ಕಾಲದಲ್ಲಿ ಅವಳು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಅಡುಗೆ ಮನೆಯಲ್ಲಿ ಕುಳಿತೇ, "ಆ ಮಗ್ಗದಾಗ ಎಳಿ ಹರದೈತಿ ನೋಡ್ರಿ," ಅನ್ನುತ್ತಿದ್ದಳು. ಎದ್ದು ಹೋಗಿ ನೋಡಿದರೆ ಹರಿದಿರುತ್ತಿತ್ತು. ಈಗ ಪ್ಲಾಸ್ಟಿಕ್ ಕುರ್ಚಿ ಮೇಲೆ ಕುಳಿತು, ಮೀಟರನ್ನು ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿದಳು.

"ಸ್ವಲ್ಪ ಸರಸು. ಇನ್ನೊಂದೀಟು. ಏ, ದಾಟಿ ಹೋದ್ಯಲ್ಲೋ! ಹಿಂದ ತಾ. ಈಗ ಮ್ಯಾಲೆತ್ತು. ತಡಿ. ಕೈ ಬಿಡು!"

ಬಸ್ಸಿನೊಳಗಿನ ಟಿವಿಯಲ್ಲಿ ಯಾರೋ ಸಾಬೂನು ಮಾರುತ್ತಿದ್ದರು. ನಾನು ಚಪ್ಪಾಳೆ ಹೊಡೆದೆ, ಯಜಮಾನರು "ಭಾಳ ಛಲೋ ಆತು" ಅಂದರು. ತಮ್ಮ ಬೆವರು ಒರೆಸಿಕೊಳ್ಳುತ್ತ ಅವ್ವನನ್ನೇ ನೋಡಿದ. ತನ್ನ ಮಗ್ಗದ ಮನೆಯಲ್ಲಿ ಅವಳಿಗೆ ಕೆಲಸವೇ ಉಳಿಸಿರಲಿಲ್ಲ ಅವನು. ವಯಸ್ಸಾಯಿತು, ಆರಾಮ ಕೂತಿರಲಿ ಅಂತ.

ಸಂಜೆ ಧಾರಾವಾಹಿ ಶುರುವಾಯಿತು. ಹುಡುಗಿಯ ತಾಯಿ ಅವತ್ತೂ ಯಾರೆಂದು ಗೊತ್ತಾಗಲಿಲ್ಲ. ಅರ್ಧಕ್ಕೇ ಅವ್ವ ಎದ್ದು ಹೊರಗೆ ಬಂದು ಡಿಶ್ಶಿನ ಮಗ್ಗುಲಲ್ಲಿ ಕುಳಿತಳು.

"ಆ ಉಪಗ್ರಹ ಮ್ಯಾಲೆ ನಿಂತಲ್ಲೇ ನಿಂತಿರತೈತೇನ?"

"ಇಲ್ಲ ಬೇ. ಭೂಮಿ ತಿರುಗಿದಂಗ ಅದೂ ಜೋಡಿ ತಿರುಗತೈತಿ. ಅದಕ್ಕ ನಿಂತಂಗ ಕಾಣತೈತಿ," ಅಂದೆ, ಸಾಲಿಯಲ್ಲಿ ಕಲಿತದ್ದನ್ನು ನೆನಪಿಸಿಕೊಂಡು.

ಅವಳು ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಹಾಕಿ ಮೇಲೆ ನೋಡಿದಳು.

ಮರುದಿನ ಹುನ್ನೂರಿನಲ್ಲಿ ಚಹಾ ಕುದಿಯುವ ಮೊದಲೇ, "ಡಿಶ್ ಇಳಸ್ರಿ," ಅಂದಳು. ಮುಧೋಳದಲ್ಲಿ ನಮ್ಮ ಮನೆ ಅಂಗಳದಲ್ಲೇ ಬಸ್ಸು ನಿಂತಿತ್ತು, ಮನೆಯೊಳಗೆ ಟಿವಿ ಇತ್ತು. ಆದರೂ ಡಿಶ್ ಹಚ್ಚಿಸಿದಳು. ಚಿತ್ರ ಬಂದಮೇಲೆ ನೋಡುವ ಆತುರ ಅವಳಿಗಿರಲಿಲ್ಲ. ಹುಡುಕಿ ಹಿಡಿಯುವುದೇ ಅವಳಿಗೆ ಬೇಕಾಗಿತ್ತು.

ಬೀಳಗಿಯಲ್ಲಿ ನೀರು ಕೇಳಲು ಹೋದ ಮನೆಯ ಅಜ್ಜಿ ನಮ್ಮ ಹಿಂದೆಯೇ ಬಂದು ಬಸ್ಸಿನ ಮುಂದೆ ನಿಂತಳು. ಅವ್ವ ಆಕೆಗೆ ಕುರ್ಚಿ ಕೊಟ್ಟು, ಆಕಾಶಕ್ಕೆ ಬೆರಳು ಮಾಡಿ, ಅಲ್ಲೊಂದು ನಮ್ಮ ಜೋಡಿ ತಿರುಗಾಕತ್ತೈತಿ ಅಂತ ಎಲ್ಲ ಬಿಡಿಸಿ ಹೇಳಿದಳು.

"ಅದರಾಗ ಮಂದಿ ಅದಾರೇನ್ರೀ?" ಅಜ್ಜಿ ಕೇಳಿದಳು.

"ಯಾರೂ ಇಲ್ರೀ."

"ಮತ್ತ ಅದು ಕೆಟ್ಟರ ರಿಪೇರಿ ಯಾರು ಮಾಡ್ತಾರ?"

ಅವ್ವ ನನ್ನ ಕಡೆ ತಿರುಗಿದಳು. ನಾನು ತಮ್ಮನ ಕಡೆ. ಅವನು ಫೋನು ತೆಗೆದು, ನೆಟ್‌ವರ್ಕ್ ಸಿಗುವ ಜಾಗ ಹುಡುಕುತ್ತ ದಿಬ್ಬದ ಕಡೆ ಹೊರಟ. ಇಬ್ಬರು ಮುದುಕಿಯರೂ ಅವನ ದಾರಿ ಕಾಯುತ್ತ ಕುಳಿತರು.