ಎರಡು ತಾಸಿಗೊಂದು ಹಳೆಯ ಹಾಯಿ

ಎಡಗೈಗೆ ಲಕ್ವ ಹೊಡೆದ ಮೇಲೆ ನನ್ನ ಯಜಮಾನರು ಮನೆ ಬಿಟ್ಟು ಕದಲುವುದನ್ನೇ ನಿಲ್ಲಿಸಿದರು. ಕೈ ಅರ್ಧಕ್ಕರ್ಧ ಸುಧಾರಿಸಿತು, ಮನುಷ್ಯ ಸುಧಾರಿಸಲಿಲ್ಲ. ರಕ್ಷಣಾ ಕಾರ್ಖಾನೆಯ ಕೆಲಸದಲ್ಲಿದ್ದಾಗ ಪ್ರತಿ ಭಾನುವಾರ ಹುಸೇನ್ ಸಾಗರ ಕೆರೆಯಲ್ಲಿ ತಮ್ಮ ಪುಟ್ಟ ಹಾಯಿದೋಣಿ ನಡೆಸುತ್ತಿದ್ದವರು, ಈಗ ತಾರ್ನಾಕದ ಮನೆಯ ಸೋಫಾದಲ್ಲಿ ಕೂತು ನಾನು ಸಾರಿಗೆ ಹಾಕುವ ಉಪ್ಪಿನ ಮೇಲೂ ನಿಗಾ ಇಡುತ್ತಿದ್ದರು. ದೋಣಿಯ ಮಾತೆತ್ತಿದರೆ ಒಂದೇ ಉತ್ತರ: “ಹಾಯಿ ಹರದೈತಿ. ಹೋಗಿ ಏನ್ ಮಾಡ್ಲಿ?”

ವಾರವಿಡೀ ಶಾಲೆಯಲ್ಲಿ ಗಣಿತ ಕಲಿಸಿ, ಸಂಜೆ ಇವರಿಗೆ ಕೈಯ ವ್ಯಾಯಾಮ ಮಾಡಿಸಿ ನನಗೆ ಸಾಕುಸಾಕಾಗಿತ್ತು. ನಿಜ ಹೇಳುತ್ತೇನೆ, ನನಗೆ ಬೇಕಿದ್ದದ್ದು ಅವರ ಆರೋಗ್ಯಕ್ಕಿಂತ ಹೆಚ್ಚಾಗಿ ಭಾನುವಾರ ಎರಡು ತಾಸು ಖಾಲಿ ಮನೆ. ಫ್ಯಾನ್ ಹಾಕಿಕೊಂಡು, ಯಾರೂ ಕರೆಯದೆ, ಸುಮ್ಮನೆ ಮಲಗಬೇಕು. ಅಡ್ಡವಿದ್ದದ್ದು ಒಂದು ಹರಿದ ಹಾಯಿ ತಾನೇ? ಆ ನೆಪವನ್ನೇ ಕಿತ್ತುಹಾಕೋಣ ಎಂದು ಹಟ ಹುಟ್ಟಿತು.

ಕೆರೆದಂಡೆಯ ದೋಣಿಗಳ ಕಾವಲುಗಾರ ಒಂದು ವಿಳಾಸ ಕೊಟ್ಟ. ಹೈಟೆಕ್ ಸಿಟಿ ಕಡೆಯ ಹೊಸ ಅಪಾರ್ಟ್‌ಮೆಂಟು, ಸಾಫ್ಟ್‌ವೇರ್‌ನವರ ಮನೆ. ಇಂಥದ್ದೇ ದೋಣಿ ಇತ್ತಂತೆ, ಮಾರಿದರಂತೆ, ಬಳಸಿದ ಹಾಯಿಯೊಂದು ಉಳಿದಿದೆಯಂತೆ. ಎರಡು ಬಸ್ಸು ಬದಲಿಸಿ ಹೋದೆ.

ಬಾಗಿಲು ತೆರೆದದ್ದು ಆ ಮನೆಯ ಚಿಕ್ಕ ವಯಸ್ಸಿನ ಗೃಹಿಣಿ. ದಣಿದ ಬಾಯಿಗೆ ಬಂದ ತೆಲುಗಿನಲ್ಲಿ, “ಹಾಯಿ ಕೋಸಂ ವಚ್ಚಾನಂಡಿ,” ಎಂದೆ. ದೋಣಿಯ ಹಾಯಿಗೆ ತೆಲುಗಿನಲ್ಲಿ ಬೇರೆ ಮಾತಿದೆ. ಅಲ್ಲಿ ಹಾಯಿ ಎಂದರೆ ಸುಖ, ನೆಮ್ಮದಿ. ನೆಮ್ಮದಿ ಕೇಳಿಕೊಂಡು ಬಂದಿದ್ದೇನೆ ಎಂದಂತಾಯಿತು.

ಅವಳು ನನ್ನನ್ನೇ ನೋಡಿದಳು. “ಈ ಇಂಟ್ಲೋ ಹಾಯಿ ಎಕ್ಕಡುಂದಂಡಿ?” ಈ ಮನೆಯಲ್ಲಿ ಅದೆಲ್ಲಿದೆ ಎಂದು ನಗತೊಡಗಿದಳು. ನನಗೂ ತಡೆಯಲಾಗಲಿಲ್ಲ. ಅವಳ ಗಂಡ ಅಮೆರಿಕದ ಗಡಿಯಾರಕ್ಕೆ ದುಡಿಯುವವನು, ಮನೆಯಲ್ಲಿ ಕಾಣುವುದೇ ಅಪರೂಪ. ನನ್ನ ಗಂಡ ಕಾಣದೆ ಇರುವುದೇ ಅಪರೂಪ. ಕೆಲ ದಿನ ಅದಲುಬದಲು ಮಾಡಿಕೊಳ್ಳೋಣವೇ ಎಂದು ಕೇಳಬೇಕೆನಿಸಿತು. ದೋಣಿಯ ಹಾಯಿ ಎಂದು ಬಿಡಿಸಿ ಹೇಳಿದ ಮೇಲೆ, ಮಂಚದಡಿಯಿಂದ ಅದನ್ನು ಎಳೆದು, ಧೂಳು ಕೊಡವಿ, ಚಹಾ ಕುಡಿಸಿಯೇ ಕಳಿಸಿದಳು.

ವಾಪಸು ಬರುವಾಗ ಕಂಡಕ್ಟರ್ ಆ ಉದ್ದನೆಯ ಸುರುಳಿಯನ್ನು ತೋರಿಸಿ, “ಕ್ಯಾ ಹೈ ಅಮ್ಮಾ, ಶಾಮಿಯಾನಾ?” ಎಂದ. ಹೌದೆಂದು ತಲೆಯಾಡಿಸಿ, ಸುರುಳಿಗೆ ಒರಗಿ ಕಣ್ಣು ಮುಚ್ಚಿದೆ.

ಭಾನುವಾರ ಬೇರೆ ನೆಪ ಸಿಗದೆ ಇವರು ನನ್ನೊಡನೆ ಕೆರೆಗೆ ಬಂದರು. ಹಾಯಿಯನ್ನು ದಂಡೆಯ ಮೇಲೆ ಹರಡಿ, ಬಲಗೈಯಿಂದ ಹೊಲಿಗೆಗಳನ್ನೆಲ್ಲ ಸವರಿ ನೋಡಿದರು. “ಸ್ವಲ್ಪ ಜೋತು ಬಿದ್ದೈತಿ. ಆದ್ರೂ ನಡೀತೈತಿ.” ಎಷ್ಟೋ ತಿಂಗಳ ಮೇಲೆ ಆ ಮುಖ ಅರಳಿದ್ದು ಕಂಡು ನನ್ನ ಕಣ್ಣು ತುಂಬಿತು. ಕಾವಲುಗಾರ ಹಾಯಿ ಏರಿಸಿಕೊಟ್ಟ, ಇವರನ್ನು ಕೈಹಿಡಿದು ದೋಣಿಯಲ್ಲಿ ಕೂರಿಸಿದ. ನಾನು ಬ್ಯಾಗಿನಲ್ಲಿ ಮನೆಯ ಕೀಲಿ ತಡಕುತ್ತ ರಸ್ತೆಯ ಕಡೆ ಹೊರಟೆ.

“ಎಲ್ಲಿ ಹೊಂಟಿ?” ದೋಣಿಯಿಂದ ಕೂಗಿದರು. “ಬಲಗೈಯಾಗ ಚುಕ್ಕಾಣಿ ಹಿಡದೀನಿ. ಹಾಯಿ ಹಗ್ಗ ಯಾರ್ ಹಿಡೀಬೇಕು? ಬಾ ಇಲ್ಲೆ. ಇನ್ಮ್ಯಾಲೆ ಪ್ರತಿ ಭಾನುವಾರ ನೀನ ಹಿಡೀಬೇಕ ನೋಡು.”

ಅವರ ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅದನ್ನು ನೋಡಿಯೂ ಇಲ್ಲ ಎನ್ನಲು ನನ್ನಿಂದಾಗಲಿಲ್ಲ. ಚಪ್ಪಲಿ ಬಿಟ್ಟು ದೋಣಿಗೆ ಇಳಿದೆ, ಹಗ್ಗ ಹಿಡಿದೆ. ಅತ್ತ ತಾರ್ನಾಕದ ಮನೆ ಎರಡು ತಾಸು ಖಾಲಿಯಾಗಿಯೇ ಇತ್ತು. ಮಲಗಲು ಅಲ್ಲಿ ನಾನಿರಲಿಲ್ಲ.